ಗರಗಸ ಮೀನು ಸಿಕ್ಕಿದ ನೀರು

ಚಹಾದ ಮೇಲೆ ಕೆನೆ ಕಟ್ಟುತ್ತಿದೆ, ತೆಗೆದು ಕುಡಿಯಬೇಕು ಅನಿಸುತ್ತಿಲ್ಲ, ಸಭೆಯಲ್ಲಿ ಮಾತಿಗಿಂತ ಫ್ಯಾನಿನ ಸದ್ದೇ ಜಾಸ್ತಿ, ಮೀನಿನ ಸಂಶೋಧನೆಯ ಸ್ನೇಹಲತಾ ಮೇಡಂ ಪರದೆಯ ಮೇಲೆ ನಮ್ಮೂರು ಕೋಡಿಯ ನಕ್ಷೆ ತೋರಿಸುತ್ತಿದ್ದಾರೆ, ಹೊಳೆ ಕಡಲಿಗೆ ಸೇರುವಲ್ಲಿ ಒಂದು ಕೆಂಪು ಚುಕ್ಕಿ, ಅದು ನಮ್ಮ ಮನೆಯ ಹಿಂದಿನ ಮೆಟ್ಟಿಲು, ಈ ನೀರಿನ ಸ್ಯಾಂಪಲ್ ತಂದದ್ದು ನಮ್ಮ ಶ್ರೀಲತಾ ಅಂತ ನನ್ನ ಕಡೆ ಕೈ ಮಾಡುತ್ತಾರೆ, ಎಲ್ಲರೂ ತಿರುಗಿ ನೋಡುತ್ತಾರೆ, ಸಂತೋಷವೋ ಹೆದರಿಕೆಯೋ ಏನಾದರೂ ಆಗಬೇಕಿತ್ತು, ಏನೂ ಆಗುತ್ತಿಲ್ಲ. ಮೀನು ಈಜಿದ ನೀರಿನಲ್ಲಿ ಅದರ ಲೋಳೆ, ಚರ್ಮದ ಚೂರು ಉಳಿಯುತ್ತದಂತೆ, ಸೋಸಿದರೆ ಡಿಎನ್‌ಎ ಸಿಗುತ್ತದಂತೆ, ಹಾಗೆ ಸಿಕ್ಕಿದ್ದು ಗರಗಸ ಮೀನು, ಮೂವತ್ತು ವರ್ಷದಿಂದ ಈ ಹೊಳೆಯಲ್ಲಿ ಯಾರೂ ಕಾಣದ್ದು — ಅಪ್ಪಯ್ಯ ಒಬ್ಬರನ್ನು ಬಿಟ್ಟು, ಸಾಯುವ ಹಿಂದಿನ ವರ್ಷ ಕಂಡೆ ಅಂದಿದ್ದರು, ಕುಡ್ಕಂಡ್ ಕಂಡದ್ದಾ ಕರಿಯ ಅಂತ ಕೋಡಿಯೆಲ್ಲ ಅಪ್ಪಯ್ಯನನ್ನು ನೋಡಿ ನಕ್ಕಿತ್ತು, ಆಮೇಲೆ ಅವರು ಆ ಸುದ್ದಿ ಎತ್ತಲೇ ಇಲ್ಲ.

ನೂಲ ಹುಣ್ಣಿಮೆಯ ಬೆಳಿಗ್ಗೆ ಅಮ್ಮ ದೇವರ ಕೋಣೆಯಿಂದ ಗರಗಸ ತೆಗೆದಳು, ಅಜ್ಜ ಹಿಡಿದಿದ್ದ ಮೀನಿನ ಮೂತಿ, ಎರಡೂ ಬದಿ ಹಲ್ಲು, ವರ್ಷಕ್ಕೊಮ್ಮೆ ಅದನ್ನು ಹೊಳೆಯಲ್ಲಿ ತೊಳೆದು ಕುಂಕುಮ ಇಟ್ಟು ದೋಣಿಗೆ ಮುಟ್ಟಿಸುವುದು ನಮ್ಮ ಮನೆಯ ಕ್ರಮ, ಹಿಂದಿನ ಮೆಟ್ಟಿಲಲ್ಲಿ ಕೂತು ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ತೊಳೆದಳು, ಸ್ವಲ್ಪ ಹೊತ್ತಿಗೆ ಅದೇ ಮೆಟ್ಟಿಲಲ್ಲಿ ನಾನು, ಕೈಗೆ ಗ್ಲೌಸ್ ಹಾಕಿ, ಮೇಡಂ ಕಲಿಸಿದ ಹಾಗೆಯೇ ಬಾಟಲಿ ಮುಳುಗಿಸಿದೆ, ಹತ್ತಿರದಲ್ಲಿ ಯಾರಾದರೂ ಮೀನು ತೊಳೆದಿದ್ದಾರೆಯೇ ಅಂತ ಫಾರಂನಲ್ಲಿ ಕೇಳಿತ್ತು, ಇಲ್ಲ ಅಂತ ಬರೆದೆ, ಸುಳ್ಳು ಬರೆಯಬೇಕು ಅಂತ ಬರೆದದ್ದಲ್ಲ, ದೇವರ ಜೊತೆ ಇಟ್ಟದ್ದು ಮೀನು ಅಂತ ತಲೆಗೇ ಬರಲಿಲ್ಲ. ಆಮೇಲೆ ಮೂರು ಸಲ ತುಂಬಿಸಿದ ನೀರಿನಲ್ಲಿ ಏನೂ ಇರಲಿಲ್ಲ, ಒಂದೇ ಮೀನು ಇರಬೇಕು, ಕಡಲಿಗೆ ಹೋಗಿದೆ, ಬರುತ್ತದೆ ಅಂದರು ಮೇಡಂ, ಬಾಟಲಿಗೆ ಬಂದದ್ದು ಅಮ್ಮ ತೊಳೆದ ಗರಗಸದ ಚೂರು ಅಂತ ನನಗೆ ಆಗ ಗೊತ್ತಾಯಿತು, ಗೊತ್ತಾಗಿ ಹನ್ನೆರಡು ದಿನ, ಉಣ್ಣುತ್ತೇನೆ, ಮಲಗುತ್ತೇನೆ, ಬಾಟಲಿ ತೊಳೆದಿಡುತ್ತೇನೆ.

ಆ ಮೀನು ಉಳಿಯಬೇಕು, ಇನ್ನು ಅಳಿವೆಯ ಬಾಯಲ್ಲಿ ಬಲೆ ಹಾಕುವ ಹಾಗಿಲ್ಲ ಅನ್ನುತ್ತಿದ್ದಾರೆ ಮೀನುಗಾರಿಕೆ ಇಲಾಖೆಯ ಅಧಿಕಾರಿ, ಹಿಂದಿನ ಸಾಲಿನಲ್ಲಿ ಅಣ್ಣ ರತನ್ ಎದ್ದಿದ್ದಾನೆ, ನಮ್ ಬಲೆ ತೆಗ್ದ್ರೆ ನಾವೆಲ್ಲಿಗ್ ಹೋಪ್ದ್ ಅಂತ ಕೇಳುತ್ತಿದ್ದಾನೆ, ಆ ಬೆಳಿಗ್ಗೆ ಅವನೂ ದೋಣಿಯ ಹತ್ತಿರವೇ ಇದ್ದ, ಅವನಿಗಿನ್ನೂ ಹೊಳೆದಿಲ್ಲ, ನಾನು ಒಂದು ಮಾತು ಹೇಳಿದರೆ ಅವನ ಬಲೆ ಉಳಿಯುತ್ತದೆ, ಆದರೆ ಆ ಗರಗಸ ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಂತೆ, ಅರಣ್ಯ ಇಲಾಖೆಯವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಕೇಸು ಅಮ್ಮನ ಮೇಲೆ, ಅಪ್ಪಯ್ಯ ಮತ್ತೆ ಕುಡುಕ, ಎರಡನ್ನೂ ತೂಗಿ ನೋಡುತ್ತೇನೆ, ಎದೆ ಮಾತ್ರ ಜೋಮು ಹಿಡಿದ ಕಾಲಿನ ಹಾಗೆ, ಚಿವುಟಿದರೂ ತಿಳಿಯುತ್ತಿಲ್ಲ. ಪಕ್ಕದಲ್ಲಿ ಕೂತ ಅಮ್ಮ ನನ್ನ ಕೈ ಹಿಡಿಯುತ್ತಾಳೆ, ನಿಮ್ಮಪ್ಪಯ್ಯ ಸುಳ್ಳ್ ಹೇಳ್ಲಿಲ್ಲ ಕಾಣ್ ಹೆಣೆ ಅನ್ನುತ್ತಾಳೆ, ಆವತ್ತು ನಕ್ಕವರನ್ನೆಲ್ಲ ಒಬ್ಬೊಬ್ಬರನ್ನಾಗಿ ತಿರುಗಿ ನೋಡುತ್ತಾಳೆ, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಅಂತ ಅಧಿಕಾರಿ ಕೇಳುತ್ತಾರೆ, ನಾನು ಎದ್ದು ನಿಂತಿದ್ದೇನೆ, ಯಾವಾಗ ಎದ್ದೆನೋ, ಮೇಡಂ ಮೈಕ್ ಕೊಡುತ್ತಾರೆ, ಮಗಳು ಅಪ್ಪನ ಸುದ್ದಿ ಹೇಳುತ್ತಾಳೆ ಅಂತ ಅಮ್ಮ ಕತ್ತೆತ್ತಿ ನಗುತ್ತಿದ್ದಾಳೆ, ಅಪ್ಪಯ್ಯ ಹೋದ ಮೇಲೆ ನಾಲ್ಕು ವರ್ಷ ನಗದವಳು, ಎಲೆಯಡಿಕೆಯ ಕೆಂಪು ಬಾಯಿ, ಹೇಳಬೇಕು, ರತನ್ ನಿಂತೇ ಇದ್ದಾನೆ, ಹೇಳಬೇಕು, ಅಮ್ಮ ನಗುತ್ತಿದ್ದಾಳೆ, ಆ ಕೆಂಪು ಬಾಯಿ — ಅಮ್ಮ ನಗುತ್ತಿದ್ದಾಳೆ