ಮೂರನೆಯ ದಿನದ ಮದುವೆ

"ಕ್ಯಾಮರಾ ಇತ್ತೋ ಇಲ್ಲವೋ, ಅಷ್ಟನ್ನು ಮಾತ್ರ ನೆನಪು ಮಾಡಿಕೊಳ್ಳಿ ಅಮ್ಮಾ," ಎಂದು ವಕೀಲ ರಾಜೇಂದ್ರನ್ ತಮಿಳಿನಲ್ಲಿ ಮೂರನೆಯ ಸಲ ಕೇಳಿದರು. ಶಿವಗಾಮಿ ವಕೀಲರ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತ ಕೂತಿದ್ದಳು. ಇಪ್ಪತ್ತಮೂರು ವರ್ಷದ ಹಿಂದಿನ ಒಂದು ಬೆಳಗನ್ನು ಹುಡುಕುತ್ತಿದ್ದಳು. ಸಿಕ್ಕಿದ್ದೆಲ್ಲ ಒಂದಿಷ್ಟು ಹೂವು, ಹೇರ್‌ಪಿನ್ನು, ಯಾರದೋ ಕೆಮ್ಮು.

"ಇತ್ತು ಅಂತ ಕಾಣುತ್ತೆ," ಎಂದಳು ಕೊನೆಗೆ.

ವಕೀಲರು ಪೆನ್ನು ಕೆಳಗಿಟ್ಟರು. "ಇತ್ತು ಅಂದರೆ ಶೂಟಿಂಗು, ಇರಲಿಲ್ಲ ಅಂದರೆ ಮದುವೆ. ಎದುರು ಕಡೆಯ ಸೋಮಸುಂದರಂ ಕೇಳುವುದು ಇದೊಂದನ್ನೇ. ನಾಡಿದ್ದು ಬುಧವಾರ ನಿಮ್ಮನ್ನು ಸಾಕ್ಷಿಯ ಬೋನಿಗೆ ಕರೆಯುತ್ತಾರೆ. ಅಷ್ಟರಲ್ಲಿ ಯೋಚನೆ ಮಾಡಿ."

ಪಕ್ಕದ ಕುರ್ಚಿಯಲ್ಲಿದ್ದ ಹಂಸವಲ್ಲಿ ಬಿಳಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ಊರಿಗೆಲ್ಲ ಅವಳು ಹಂಸವಲ್ಲಿ. ಕೊಯಮತ್ತೂರಿನ ಸ್ಟುಡಿಯೋದಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಕೊನೆಯ ಸಾಲಿನಲ್ಲಿ ಕುಣಿದು, ಇಪ್ಪತ್ತಕ್ಕೆ ಮದ್ರಾಸಿನ ಗೋಡೆಗೋಡೆಯ ಮೇಲೂ ನಿಂತವಳು. ತಮಿಳು, ತೆಲುಗು, ಕನ್ನಡ ಸೇರಿ ತೊಂಬತ್ತು ಚಿತ್ರ. ಅವಳು ತಂಜಾವೂರಿನ ಸಂಗೀತದ ಮನೆತನದವಳು ಎಂದು ಪತ್ರಿಕೆಯವರು ಬರೆದರು, ಅವಳು ಬೇಡವೆನ್ನಲಿಲ್ಲ. ಶಿವಗಾಮಿಗೆ ಮಾತ್ರ ಅವಳು ಕೊಯಮತ್ತೂರಿನ ಹತ್ತಿರದ ಸಿರುಮುಗೈಯಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯ ರಾಜಾಮಣಿ ಅಕ್ಕ. ಗಂಡ ಬಿಟ್ಟುಹೋದ ಮೇಲೆ ತವರಿನಲ್ಲಿ ನೂಲು ಸುತ್ತುತ್ತಿದ್ದ ಶಿವಗಾಮಿಯನ್ನು ರಾಜಾಮಣಿಯೇ ಕರೆದುಕೊಂಡು ಹೋಗಿ ತಲೆ ಬಾಚುವ ಕೆಲಸ ಕಲಿಸಿದ್ದಳು. ಹದಿನೇಳು ವರ್ಷ ಆ ತಲೆ ಶಿವಗಾಮಿಯ ಕೈಯಲ್ಲಿತ್ತು. ತಮಿಳು ಶೂಟಿಂಗಿನ ನಡುವೆ ಇಬ್ಬರೂ ಮನೆಯ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅಲ್ಲಿ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ನಾಯಕಿ ಹೋಗಿ ಅತ್ತಿಗೆಯಾಗಿ, ಅತ್ತಿಗೆ ಹೋಗಿ ತಾಯಿಯಾಗಿ, ತಾಯಿಯ ಪಾತ್ರವೂ ಬರುವುದು ನಿಂತ ಮೇಲೆ ರಾಜಾಮಣಿ ಕೊಯಮತ್ತೂರಿನಲ್ಲಿ ಮೊದಲಿನಿಂದ ಇದ್ದ ತನ್ನ ಮನೆಗೆ ಬಂದು ನೆಲೆಸಿದಳು, ಶಿವಗಾಮಿ ಸಿರುಮುಗೈಯ ತನ್ನ ತಮ್ಮ ರಾಮಲಿಂಗಂನ ಮನೆಗೆ ಬಂದಳು.

ಆ ಕೊಯಮತ್ತೂರಿನ ಮನೆಗೆ ಇಪ್ಪತ್ತೆರಡು ವರ್ಷ ಬಂದು ಹೋಗುತ್ತಿದ್ದವರು ಪೀಳಮೇಡಿನ ಹತ್ತಿ ಗಿರಣಿಯ ಮಾಲೀಕ ವೆಂಕಟಾಚಲಂ. ಎಲ್ಲರೂ ಅವರನ್ನು ಕರೆಯುತ್ತಿದ್ದಂತೆ ರಾಜಾಮಣಿಯೂ ಮೊದಲಾಳಿ, ಅಂದರೆ ಧಣಿ, ಎನ್ನುತ್ತಿದ್ದಳು. ಹೋದ ವರ್ಷ ಅವರು ತೀರಿಕೊಂಡರು. ವರ್ಷಾಬ್ದಿಕದ ದಿನ ರಾಜಾಮಣಿ ತಮಿಳು ಪತ್ರಿಕೆಯಲ್ಲಿ ಅವರ ಫೋಟೋ ಹಾಕಿಸಿ, ಕೆಳಗೆ "ಕಣ್ಣೀರಿನೊಂದಿಗೆ, ಪತ್ನಿ ಹಂಸವಲ್ಲಿ" ಎಂದು ಅಚ್ಚು ಮಾಡಿಸಿದಳು. ಎಂದೋ ತೀರಿಕೊಂಡಿದ್ದ ಮೊದಲ ಹೆಂಡತಿಯ ಇಬ್ಬರು ಗಂಡುಮಕ್ಕಳು ತಿಂಗಳೊಳಗೆ ಕೋರ್ಟಿಗೆ ಹೋದರು. ಈ ಹೆಂಗಸು ನಮ್ಮ ತಂದೆಯ ಹೆಂಡತಿಯೆಂದು ಎಲ್ಲಿಯೂ ಹೇಳಿಕೊಳ್ಳಬಾರದು ಎಂಬುದಷ್ಟೇ ಅವರ ಬೇಡಿಕೆ. ಆಸ್ತಿಯ ಮಾತೇ ಇರಲಿಲ್ಲ. ಗುಡಿಯಲ್ಲಿ ಮದುವೆ ನಡೆಯಿತೆಂದು ರಾಜಾಮಣಿ ಹೇಳುವ ಆ ಬೆಳಿಗ್ಗೆ ಅಲ್ಲಿದ್ದ ಪುರೋಹಿತ, ಕ್ಯಾಮರಾದವನು ಇಬ್ಬರೂ ಸತ್ತಿದ್ದರು. ಉಳಿದವಳು ಶಿವಗಾಮಿ.

"ಕೋರ್ಟಲ್ಲಿ ಸುಳ್ಳು ಪೊಯ್ಯಿ ಹೇಳ್ಬ್ಯಾಡ ಅಕ್ಕಾ," ಎಂದಿದ್ದ ರಾಮಲಿಂಗಂ ಮಗ್ಗದ ಗುಂಡಿಯಿಂದಲೇ. "ನೋಡಿದ್ರೆ ನೋಡ್ದೆ ಅನ್ನು. ನೋಡ್ದೆ ಇದ್ರೆ ಇಲ್ಲ ಅನ್ನು."

"ನೋಡ್ದೆ ಕಣೋ. ಏನ್ ನೋಡ್ದೆ ಅಂತ್ಲೇ ತಿಳೀದು."

ಅವನಿಗೆ ಅದು ಅರ್ಥವಾಗಲಿಲ್ಲ. ಅವಳಿಗಾದರೂ ಎಲ್ಲಿ ಆಗಿತ್ತು?

ಮಂಗಳವಾರ ಬೆಳಿಗ್ಗೆ ರಾಜಾಮಣಿಯ ಹಳೆಯ ಅಂಬಾಸಿಡರ್ ಸಿರುಮುಗೈಯ ಬೀದಿಗೆ ಬಂತು. ಶೂಟಿಂಗ್ ನಡೆದ ಜಾಗವನ್ನು ನೋಡಿದರೆ ಶಿವಗಾಮಿಗೆ ನೆನಪಾದೀತು ಎಂದು ಅವಳ ಲೆಕ್ಕ. ಇಬ್ಬರೂ ಕಾರಮಡೈ ದಾಟಿ, ಬಾಳೆಯ ತೋಟಗಳ ಆಚೆಗಿನ ಸಣ್ಣ ಗುಡ್ಡದ ಬುಡದಲ್ಲಿ ಇಳಿದರು. ಮೇಲೆ ಪೆರುಮಾಳ್ ದೇವರ ಗುಡಿ. ಎಂಬತ್ತು ಮೆಟ್ಟಿಲು. ರಾಜಾಮಣಿಗೆ ಮಂಡಿನೋವು, ಶಿವಗಾಮಿಯ ಭುಜ ಹಿಡಿದು, ನಿಂತು ನಿಂತು ಹತ್ತಿದಳು.

ಗುಡಿಗೆ ನೀಲಿ ಬಣ್ಣ ಹೊಡೆದಿದ್ದರು. ಮಂಟಪದ ಕಲ್ಲುಕಂಬಗಳ ನಡುವೆ ಸಿಮೆಂಟಿನ ಗೋಡೆ ಎದ್ದಿತ್ತು. ಶೂಟಿಂಗಿನ ಕಾಲಕ್ಕೆ ಕಂಬಗಳ ನಡುವೆ ಏನೂ ಇರಲಿಲ್ಲ, ಬರೀ ಗಾಳಿ. ಎರಡು ದಿನ ಮದುವೆಯ ದೃಶ್ಯ ತೆಗೆದಿದ್ದರು. ನಾಯಕ ಹನ್ನೊಂದು ಸಲ ತಾಳಿ ಕಟ್ಟಿದ್ದ. ಒಮ್ಮೆ ಹೊಗೆ ಹೆಚ್ಚಾಯಿತು, ಒಮ್ಮೆ ಮೇಳದವನು ಕ್ಯಾಮರಾ ನೋಡಿದ. ಮೂರನೆಯ ದಿನ ಬೆಳಗಿನ ಜಾವ ಯೂನಿಟ್ಟಿನವರು ಏಳುವ ಮುಂಚೆ ರಾಜಾಮಣಿ ಅವಳನ್ನು ಎಬ್ಬಿಸಿ, ಅದೇ ಸೀರೆಗೆ ಅದೇ ಜಡೆ ಹಾಕು ಎಂದಿದ್ದಳು. ಅಷ್ಟು ಶಿವಗಾಮಿಗೆ ಗಟ್ಟಿಯಾಗಿ ನೆನಪಿತ್ತು. ಮೇಲೆ ಬಂದಾಗ ಬಿಳಿ ಪಂಚೆಯಲ್ಲಿ ಮೊದಲಾಳಿ ನಿಂತಿದ್ದರು. ಆ ಚಿತ್ರಕ್ಕೆ ಹಣ ಹಾಕಿದವರೇ ಅವರು, ಅವರು ಅಲ್ಲಿದ್ದದ್ದು ಹೊಸತಲ್ಲ. ಅಲ್ಲಿಂದ ಮುಂದೆ ಮೂರು ದಿನವೂ ಒಂದರೊಳಗೊಂದು ಕಲಸಿಹೋಗಿತ್ತು. ಅದೇ ಹಾರ, ಅದೇ ಹೊಗೆ, ಬಗ್ಗಿದ ಅದೇ ಕುತ್ತಿಗೆ.

ಆರತಿ ತಟ್ಟೆ ತಂದ ಅರ್ಚಕನಿಗೆ ಮೂವತ್ತರ ಆಸುಪಾಸು. ರಾಜಾಮಣಿ ಸೆರಗನ್ನು ತಲೆಯ ಮೇಲೆಳೆದುಕೊಂಡು, ಹಿಂದೆ ಇಲ್ಲಿ ಯಾವುದೋ ಸಿನಿಮಾ ತೆಗೆದಿದ್ದರಂತೆ ಎಂದು ತಮಿಳಿನಲ್ಲಿ ಕೇಳಿದಳು.

"ಹೌದಮ್ಮಾ, ಹಂಸವಲ್ಲಿಯ ಮದುವೆ ಸೀನು. ನಮ್ಮಪ್ಪ ಹೇಳುತ್ತಿದ್ದರು. ಮೂರು ದಿನ ಶೂಟಿಂಗ್ ನಡೆಯಿತಂತೆ."

"ಮೂರು ದಿನವಾ? ಎರಡಲ್ಲವಾ?"

"ಮೂರು ಅಂತಲೇ ಅಪ್ಪ ಹೇಳಿದ್ದು," ಎಂದ ಅವನು, ಕರ್ಪೂರವನ್ನು ಅವಳ ಮುಖದ ಹತ್ತಿರ ಹಿಡಿದು. ಗುರುತು ಹಿಡಿಯಲಿಲ್ಲ.

ಇಳಿಯುವಾಗ ಅರ್ಧ ದಾರಿಯಲ್ಲಿ ರಾಜಾಮಣಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೆಳಗೆ ಡ್ರೈವರು ಕಾರಿನ ಗಾಜು ಒರೆಸುತ್ತಿದ್ದ.

"ಅಕ್ಕಾ, ನೀನೇ ಹೇಳು. ಅವತ್ತು ಕ್ಯಾಮರಾ ಇತ್ತಾ?"

"ಇತ್ತು," ಎಂದಳು ರಾಜಾಮಣಿ. "ಮೊದಲಾಳಿನೇ ಇಡ್ಸಿದ್ರು. ಅವರಮ್ಮ ಇನ್ನೂ ಇದ್ರಲ್ಲ. ಸಿನಿಮಾದೋಳ್ನ ಕಟ್ಕೊಂಡ ಅಂತ ಗೊತ್ತಾದ್ರೆ ಮುದುಕಿ ಉಸ್ರು ಬಿಟ್ಬಿಡ್ತದೆ ಅಂತ ಹೆದ್ರಿಕೆ. ಯಾರಾನ ನೋಡಿದ್ರೆ ಶೂಟಿಂಗು ಅನ್ಬೋದಲ್ಲ, ಅದುಕ್ಕೆ."

"ಒಳಗೆ ಫಿಲ್ಮ್ ಇತ್ತಾ?"

"ನಾ ಏನ್ ಕಂಡೆ? ನನ್ನತ್ರ ನೆಜ ಅಂದ್ರು. ಊರಲ್ಲಿ ಶೂಟಿಂಗ್ ಅಂದ್ರು. ನಾ ತಲೆ ಬಗ್ಸಿ ಕೂತಿದ್ದೆ ಶಿವಗಾಮಿ. ಹನ್ನೊಂದ್ ಸಲ ಹೆಂಗೆ ಕೂತಿದ್ನೋ ಹಂಗೇ ಕೂತಿದ್ದೆ. ಬೇರೆ ತರ ಕೂರಕ್ಕೆ ನಂಗೆ ಬರ್ಲಿಲ್ಲ." ಮಂಡಿ ನೀವಿಕೊಳ್ಳುತ್ತ ಹೇಳಿದಳು, "ಇಪ್ಪತ್ತೆರಡ್ ವರ್ಷ ಊಟಕ್ಕೆ ಬಡ್ಸಿದೀನಿ. ಒಂದಿನಾನೂ ಕೇಳ್ಲಿಲ್ಲ. ಕೇಳ್ಬೇಕಿತ್ತು."

ಶಿವಗಾಮಿ ಅವಳ ಪಕ್ಕದಲ್ಲಿ ಕೂತಳು. ಸಾಕ್ಷಿ ಹೇಳಬೇಕಾದವಳು ತಾನು, ನಡೆದದ್ದು ಈಕೆಗೆ; ಇಬ್ಬರಿಗೂ ಗೊತ್ತಿಲ್ಲದ್ದನ್ನು ನಾಳೆ ಮೂರನೆಯವನ ಮುಂದೆ ಹೇಗೆ ಹೇಳುವುದು?

ಬುಧವಾರ ಕೋರ್ಟಿನಲ್ಲಿ ಜನ ತುಂಬಿದ್ದರು. ಹಂಸವಲ್ಲಿಯನ್ನು ನೋಡಲು ಬೇರೆ ಕೋಣೆಗಳ ಗುಮಾಸ್ತರೂ ಬಂದು ಬಾಗಿಲಲ್ಲಿ ನಿಂತಿದ್ದರು. ರಾಜೇಂದ್ರನ್ ಕೇಳಿದ್ದಕ್ಕೆಲ್ಲ ಶಿವಗಾಮಿ ಹೇಳಿದಳು: ಎಬ್ಬಿಸಿದ್ದು, ಜಡೆ ಹಾಕಿದ್ದು, ಮೆಟ್ಟಿಲು ಹತ್ತಿದ್ದು, ಮೊದಲಾಳಿ ನಿಂತಿದ್ದದ್ದು. ಆಮೇಲೆ ಸೋಮಸುಂದರಂ ಎದ್ದರು. ತೆಳ್ಳಗಿನ ಮನುಷ್ಯ, ದನಿ ಮೆತ್ತಗೆ.

"ಅಮ್ಮಣೀ, ನೀವು ಈಯಮ್ಮನ ಮದುವೆಯನ್ನು ಎಷ್ಟು ಸಲ ನೋಡಿದ್ದೀರಿ?"

"ಸಿನಿಮಾದಲ್ಲಾ?"

"ಎಲ್ಲ ಸೇರಿ."

"ಮೂವತ್ತು... ನಲವತ್ತು ಇರಬಹುದು."

ಕೋರ್ಟು ನಕ್ಕಿತು. ಜಡ್ಜಿಯವರು ತಲೆ ಎತ್ತಿದ ಮೇಲೆ ನಿಂತಿತು.

"ಈ ನಲವತ್ತನೆಯದರಲ್ಲಿ ಕ್ಯಾಮರಾ ಇತ್ತಾ?"

ರಾಜೇಂದ್ರನ್ ಕಾಗದಗಳ ಕಡೆ ನೋಡಿದರು. ರಾಜಾಮಣಿ ಬೆಂಚಿನ ತುದಿಯಲ್ಲಿ ನೆಟ್ಟಗೆ ಕೂತಿದ್ದಳು, ಬೆಳಕು ಮುಖಕ್ಕೆ ಬೀಳುವ ಹಾಗೆ. ಅದು ಅವಳಿಗೆ ತಾನಾಗಿ ಬರುತ್ತಿತ್ತು.

"ಇತ್ತು," ಎಂದಳು ಶಿವಗಾಮಿ.

"ಅಷ್ಟೇ ಸ್ವಾಮಿ," ಎಂದು ಸೋಮಸುಂದರಂ ಕೂತುಬಿಟ್ಟರು.

ಬೋನಿನಿಂದ ಇಳಿಯಲು ಅವಳು ಕಾಲು ಮುಂದಿಟ್ಟಿದ್ದಳು. ಜಡ್ಜಿಯವರು ಬರೆಯುತ್ತಿದ್ದವರು ನಿಲ್ಲಿಸಿ, ತಾವೇ ಒಂದು ಮಾತು ಕೇಳಿದರು. "ಬೇರೆ ಸಲಕ್ಕೂ ಈ ಸಲಕ್ಕೂ ನಿಮಗೆ ಏನಾದರೂ ವ್ಯತ್ಯಾಸ ಕಂಡಿತಾ?"

"ಗಂಟು," ಎಂದಳು ಶಿವಗಾಮಿ.

ಆ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಬಂದ ಮೇಲೆ ನಿಲ್ಲಲಿಲ್ಲ. "ಶೂಟಿಂಗಿನಲ್ಲಿ ಒಂದೇ ಗಂಟು ಸ್ವಾಮೀ. ಒಂದು ಹಾಕುತ್ತಿದ್ದ ಹಾಗೇ ಕಟ್ ಅನ್ನುತ್ತಾರೆ. ಅವತ್ತು ಯಾರೂ ಕಟ್ ಅನ್ನಲಿಲ್ಲ. ಮೊದಲಾಳಿ ಒಂದು ಹಾಕಿದರು. ಗಂಡಿನ ಅಕ್ಕತಂಗಿ ಹಾಕಬೇಕಾದ ಇನ್ನೆರಡು ಗಂಟು ಯಾರು ಹಾಕುತ್ತಾರೆ ಎಂದು ಪುರೋಹಿತರು ಕೇಳಿದರು. ಅವರ ಕಡೆಯವರು ಯಾರೂ ಇರಲಿಲ್ಲ. ನಾನು ಜಡೆ ಹಿಡಿದುಕೊಂಡು ಹಿಂದೆ ನಿಂತಿದ್ದೆ. ನಾನೇ ಹಾಕಿದೆ."

ಸೋಮಸುಂದರಂ ಎದ್ದು ಏನೇನೋ ಕೇಳಿದರು. ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ, ಯಾರು ಹೇಳಿಕೊಟ್ಟರು ಎಂದರು. ಯಾರೂ ಹೇಳಿಕೊಡಲಿಲ್ಲ ಎಂದಳು. ಅದು ನಿಜವೇ ಆಗಿತ್ತು. ರಾಜೇಂದ್ರನ್ ಕೂಡ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಹೊರಗೆ ವರಾಂಡದಲ್ಲಿ ನಿಂತಾಗ ಶಿವಗಾಮಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಗಂಟು ಹಾಕಿದ್ದು ಬೆರಳಿಗೆ ನೆನಪಿತ್ತು. ಅರಿಸಿನದ ದಾರದ ತೇವ, ಉಗುರಿಗೆ ಅಂಟಿದ ಬಣ್ಣ, ಕುತ್ತಿಗೆಯ ಸಣ್ಣ ಕೂದಲು ಒಂದೆರಡು ಸಿಕ್ಕಿಕೊಂಡದ್ದು. ಆದರೆ ಅದೇ ವರ್ಷ ಆವಣಿ ತಿಂಗಳಲ್ಲಿ ರಾಮಲಿಂಗಂನ ಮದುವೆಯಾಗಿತ್ತು. ತಮ್ಮನ ಹೆಂಡತಿ ಕುಪ್ಪಮ್ಮನ ಕುತ್ತಿಗೆಗೂ ಅವಳೇ ಎರಡು ಗಂಟು ಹಾಕಿದ್ದಳು. ಈಗ ಕಣ್ಣ ಮುಂದೆ ಬರುವ ಕುತ್ತಿಗೆ ಯಾರದು? ಕಪ್ಪೋ ಬಿಳಿಯೋ ತಿಳಿಯದು. ಹೇಳುವ ಮುಂಚೆ ಅಲ್ಲೊಂದು ಕುತ್ತಿಗೆ ಇತ್ತೇ, ಹೇಳಿದ ಮೇಲೆ ಬಂದು ಕೂತಿತೇ? ಪೊಯ್ಯಿ ಹೇಳಿದೆನೋ ನೆಜ ಹೇಳಿದೆನೋ ಎಂದು ಕೇಳಿಕೊಂಡಳು. ಎರಡಕ್ಕೂ ಹೌದೆನ್ನಿಸಿತು.

ಮಕ್ಕಳ ದಾವೆ ವಜಾ ಆಗಲು ಇನ್ನೂ ಹತ್ತು ತಿಂಗಳು ಹಿಡಿಯಿತು. ತೀರ್ಪಿನಲ್ಲಿ ಆ ಎರಡು ಗಂಟಿನ ಮಾತೂ ಬಂತು. ಆದರೆ ಅದು ಆಮೇಲಿನ ಸಂಗತಿ. ಆ ಮಧ್ಯಾಹ್ನ ಕಾರಿನಲ್ಲಿ ಇಬ್ಬರೇ ಹಿಂದೆ ಕೂತು ಮನೆಯ ಕಡೆ ಹೊರಟಾಗ ಗೆದ್ದೆವೋ ಸೋತೆವೋ ಇಬ್ಬರಿಗೂ ಗೊತ್ತಿರಲಿಲ್ಲ. ರೈಲ್ವೆ ಗೇಟು ಹಾಕಿತ್ತು. ಡ್ರೈವರು ಎಂಜಿನ್ ಆರಿಸಿ, ಬೀಡಿ ಸೇದಲು ಇಳಿದು ಹೋದ.

"ನೀನು ಗಂಟು ಹಾಕ್ದೆಯಾ?" ಎಂದಳು ರಾಜಾಮಣಿ. ದನಿ ಎಷ್ಟು ಸಣ್ಣದಾಗಿತ್ತೆಂದರೆ, ಶಿವಗಾಮಿಗೆ ನೇಕಾರರ ಬೀದಿಯಲ್ಲಿ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ ಕೇಳಿದ ಹಾಗಾಯಿತು. "ನಂಗೆ ತಿಳೀಲೇ ಇಲ್ಲ. ಹಿಂದ್ಗಡೆ ಏನೋ ಎಳ್ದಂಗಾಯ್ತು. ಜಡೆ ಸರಿ ಮಾಡ್ತಿದೀಯ ಅನ್ಕೊಂಡೆ. ನೆಜವಾಗ್ಲೂ ಹಾಕ್ದೆಯಾ?"

ಶಿವಗಾಮಿ ಅವಳ ಮುಖ ನೋಡಿದಳು. ಹದಿನೇಳು ವರ್ಷ ಕನ್ನಡಿಯಲ್ಲಿ ನೋಡಿದ ಮುಖ. ಅದು ಅಳುವ ನಾಲ್ಕೈದು ಬಗೆಯೂ ಅವಳಿಗೆ ಬಾಯಿಪಾಠವಾಗಿತ್ತು. ಇದು ಅವುಗಳಲ್ಲಿ ಯಾವುದೂ ಅಲ್ಲ.

"ಹಾಕ್ದೆ ಅಕ್ಕಾ," ಎಂದಳು. "ಎರಡೂ ನಾನೇ ಹಾಕ್ದೆ."

ಗೂಡ್ಸ್ ರೈಲು ಬಂತು. ಅದು ಹೋಗುವಷ್ಟರಲ್ಲಿ ಗಿರಣಿಯ ಪಾಳಿ ಬಿಟ್ಟು ಬಂದ ಹೆಂಗಸರು ಕಾರಿನ ಎರಡೂ ಕಡೆ ಕೂಡಿಕೊಂಡಿದ್ದರು. ಎಲ್ಲರ ತಲೆಯಲ್ಲೂ ಹತ್ತಿಯ ಎಳೆ. ಇಪ್ಪತ್ತರ ಹುಡುಗಿಯರೂ ನರೆತವರ ಹಾಗೆ ಕಾಣುತ್ತಿದ್ದರು. ರಾಜಾಮಣಿ ತನ್ನ ಕಡೆಯ ಗಾಜನ್ನು ಪೂರಾ ಇಳಿಸಿದಳು. ಒಬ್ಬಳು ಬಗ್ಗಿ ಒಳಗೆ ನೋಡಿ, ಯಾರೋ ಏನೋ ತಿಳಿಯದೆ, ಸುಮ್ಮನೆ ನಕ್ಕಳು. ರಾಜಾಮಣಿಯೂ ನಕ್ಕಳು.

ಗೇಟು ಮೇಲೆದ್ದಿತು. ಡ್ರೈವರು ಬಂದು ಕೂತು, ಹೊರಡಲೇ ಅಮ್ಮಾ ಎಂದು ಹಿಂತಿರುಗಿ ನೋಡಿದ. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ರಾಜಾಮಣಿ ಕೈ ಎತ್ತಿ, ಸ್ವಲ್ಪ ಇರು ಎಂದು ಸನ್ನೆ ಮಾಡಿದಳು. ಹೆಂಗಸರು ಹಳಿ ದಾಟುತ್ತಿದ್ದರು. ತಲೆಗಳಿಂದ ಹತ್ತಿ ಎದ್ದು, ಬಿಸಿಲಲ್ಲಿ ಸ್ವಲ್ಪ ಹೊತ್ತು ತೇಲಿ, ಮತ್ತೆ ಯಾರ್ಯಾರದೋ ತಲೆಯ ಮೇಲೆ ಕೂರುತ್ತಿತ್ತು.