ಅಮೆರಿಕದ ಗಡಿಯಾರ

ನಮ್ಮ ಪ್ರಾಂಶುಪಾಲ ಕೊಟ್ರಬಸಪ್ಪನವರಿಗೆ ಇಂಟರ್ನೆಟ್ ಎಂದರೆ ಮೈಯುರಿ. ನೋಟ್ಸ್ ಬರೆಸುವುದೇ ಪಾಠ ಎಂದುಕೊಂಡ ಮನುಷ್ಯ. ಭದ್ರಾವತಿಯ ನಮ್ಮ ಕಾಲೇಜಿಗೆ 2004ರಲ್ಲಿ ನನ್ನ ಜೊತೆಗೇ ಇತಿಹಾಸದ ಉಪನ್ಯಾಸಕಿಯಾಗಿ ಸೇರಿದ ಪ್ರಿಯದರ್ಶಿನಿ, ವಿದ್ಯಾರ್ಥಿಗಳಿಗಾಗಿ ಇಂಟರ್ನೆಟ್ಟಿನಲ್ಲಿ ಒಂದು ಚರ್ಚಾಗುಂಪು ತೆರೆದಳು. ಕ್ಲಾಸಿನಲ್ಲಿ ತುಟಿ ಬಿಚ್ಚದ ಅಮೂಲ್ಯ ಅಲ್ಲಿ ಹುಡುಗರ ಜೊತೆ ವಾದಕ್ಕೆ ನಿಂತಳು. ಬಿ.ಎ. ಮಕ್ಕಳನ್ನು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬಿಡುತ್ತಿರಲಿಲ್ಲ. ಅದೂ ಪ್ರಾಂಶುಪಾಲರದೇ ಆಜ್ಞೆ.

ಅವರು ಆ ಚರ್ಚೆಯನ್ನೆಲ್ಲ ಪ್ರಿಂಟ್ ಹಾಕಿಸಿಕೊಂಡರು. ವಿಷಯ ಓದಲಿಲ್ಲ, ಮೇಲಿದ್ದ ಸಮಯ ಮಾತ್ರ ಓದಿದರು. ಅಮೂಲ್ಯಳ ಹೆಸರಿನ ಮುಂದೆಲ್ಲ ರಾತ್ರಿ ಎರಡೂವರೆ ಎಂದಿತ್ತು. ಮರುದಿನವೇ ಅವಳ ಅಪ್ಪ ಲಿಂಗಪ್ಪನಿಗೆ ಕರೆ ಹೋಯಿತು.

ಲಿಂಗಪ್ಪ ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದ. ಅಮೂಲ್ಯ, ಪ್ರಿಯದರ್ಶಿನಿ, ನಾನು ಪ್ರಾಂಶುಪಾಲರ ಕೋಣೆಯ ಗೋಡೆಗೆ ಒರಗಿ ನಿಂತಿದ್ದೆವು.

"ನಡುರಾತ್ರೀಲಿ ಹುಡುಗರ ಜೊತೆ ಏನ್ರೀ ಮಾತು ನಿಮ್ಮ ಮಗಳಿಗೆ? ಈ ಮೇಡಂ ಕಲಿಸಿರೋದು ಇದೇನಾ?"

"ನಮ್ಮನೇಲಿ ಕಂಪ್ಯೂಟರ್ ಎಲ್ಲೈತೆ ಸಾರ್? ರಾತ್ರಿ ಅವಳು ಅವರಮ್ಮನ ಪಕ್ಕ ಮಲಗಿರ್ತಾಳೆ. ನನ್ನ ಮಗಳ ಮೇಲೆ ಸುಳ್ಳು ಹೊರಿಸ್ಬೇಡಿ," ಎಂದ ಲಿಂಗಪ್ಪ.

ಪ್ರಿಯದರ್ಶಿನಿಗೆ ಸುಮ್ಮನಿರಲು ಆಗಲಿಲ್ಲ. "ಅದು ಅಮೆರಿಕದ ಟೈಮು ಸಾರ್, ಆ ವೆಬ್‌ಸೈಟ್ ಅಲ್ಲಿಯದು. ಅಲ್ಲಿ ರಾತ್ರಿ ಎರಡೂವರೆ ಅಂದ್ರೆ ನಮಗೆ ಮಧ್ಯಾಹ್ನ ಮೂರು."

"ಭದ್ರಾವತಿ ಹುಡುಗಿ ಅಮೆರಿಕದ ಟೈಮಲ್ಲಿ ಯಾಕ್ರೀ ಬರೀತಾಳೆ?"

ಪ್ರಿಯದರ್ಶಿನಿ ಪ್ರಾಂಶುಪಾಲರ ಕಂಪ್ಯೂಟರಿನ ಮುಸುಕು ತೆಗೆದು, ಕುಳಿತು, ಗುಂಪಿಗೆ ಒಂದು ಸಾಲು ಕಳಿಸಿದಳು. ಆಗ ಬೆಳಗಿನ ಹನ್ನೊಂದೂವರೆ. ಪರದೆಯ ಮೇಲೆ ಹಿಂದಿನ ರಾತ್ರಿಯ ಹನ್ನೊಂದು ಎಂದು ಬಂತು. ಕೊಟ್ರಬಸಪ್ಪನವರ ಮುಖ ಇಂಗು ತಿಂದ ಮಂಗನಂತಾಯಿತು. ನನಗೆ ಖುಷಿಯೋ ಖುಷಿ.

ಲಿಂಗಪ್ಪ ಮಾತ್ರ ಮಗಳ ಕಡೆ ತಿರುಗಿದ. "ಮಧ್ಯಾಹ್ನ ಮೂರಕ್ಕೆ ಎಲ್ಲಿದ್ದೆ? ಲೈಬ್ರರೀಲಿ ಅಂದಿದ್ಯಲ್ಲ?"

"ಬ್ರೌಸಿಂಗ್ ಸೆಂಟರಲ್ಲಿ, ಅಪ್ಪಾ."

"ಬಸ್‌ಸ್ಟ್ಯಾಂಡ್ ಹತ್ರ, ಆ ಪರದೆ ಹಾಕಿರೋ ಗೂಡುಗಳೊಳಗಾ?"

ಆ ಗೂಡುಗಳ ಬಗ್ಗೆ ಊರಲ್ಲಿ ಏನೇನು ಮಾತಿತ್ತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಓದೋಕೆ ಹೋಗಿದ್ದು. ನಾನೇ ಕಳಿಸಿದ್ದು," ಎಂದಳು ಪ್ರಿಯದರ್ಶಿನಿ.

"ನೀವು ಕಳಿಸಿದ್ರಾ?" ಲಿಂಗಪ್ಪ ಅವಳನ್ನು ಮತ್ತೆ ನೋಡಲಿಲ್ಲ. ಪ್ರಾಂಶುಪಾಲರಿಗೆ ಕೈಮುಗಿದ. "ಟಿ.ಸಿ. ಬರೆದುಕೊಡಿ ಸಾರ್. ಓದಿದ್ದು ಸಾಕು."

ಒಂದು ರಜೆ ಅರ್ಜಿಗೆ ವಾರಗಟ್ಟಲೆ ಸತಾಯಿಸುವ ಆ ಪುಣ್ಯಾತ್ಮ ಟಿ.ಸಿ.ಯನ್ನು ನಿಂತ ನಿಲುವಿನಲ್ಲೇ ಬರೆಸಿದ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಪ್ರಿಯದರ್ಶಿನಿ ಬಾಗಿಲವರೆಗೂ ಓಡಿದಳು. ಅಮೂಲ್ಯ ಅಪ್ಪನ ಹಿಂದೆ ಹೋಗುತ್ತಿದ್ದವಳು ಒಮ್ಮೆ ನಿಂತಳು.

"ನೀವು ಟೈಮು ಹೇಳೋವರೆಗೂ ಅಪ್ಪ ನನ್ನ ಪರವಾಗೇ ಇದ್ರಲ್ಲ ಮೇಡಂ," ಎಂದಳು.