ಲೀವನ್ ಕಣ್ಣಾರೆ ಕಂಡ ಸಿಂಹ

ಆಂಟ್ವರ್ಪ್ ಪಟ್ಟಣದಲ್ಲಿ ಸಿಂಹದ ಚಿತ್ರ ಬೇಕೆಂದರೆ ಎಲ್ಲರೂ ಲೀವನ್‌ನನ್ನೇ ಕೇಳುತ್ತಿದ್ದರು. ತಾಮ್ರದ ತಗಡಿನ ಮೇಲೆ ಉಳಿಯಿಂದ ಸಿಂಹ ಕೊರೆದು ಅಚ್ಚಿಗೆ ಕೊಡುವುದೇ ಅವನ ಕಸುಬು. ಬೇಟೆಗಾರನ ಮೇಲೆ ಎರಗುವ ಸಿಂಹವಿರಲಿ, ಸಂತರ ಕಾಲಬಳಿ ಕೂತ ಸಿಂಹವಿರಲಿ, ಎಲ್ಲಕ್ಕೂ ನ್ಯಾಯಾಧೀಶರ ಹುಬ್ಬು, ಆಗಷ್ಟೇ ಕ್ಷೌರಿಕನ ಕೈಯಿಂದ ಎದ್ದು ಬಂದಂಥ ಗುಂಗುರು ಕೇಸರ. ಒಂದೇ ಒಂದು ಸಣ್ಣ ಕೊರತೆಯೆಂದರೆ, ಲೀವನ್ ಸಿಂಹವನ್ನೇ ಕಂಡಿರಲಿಲ್ಲ. ಕೊಳ್ಳುವವರೂ ಕಂಡಿರಲಿಲ್ಲವಾದ್ದರಿಂದ ಕಲೆಗೆ ಏನೂ ಧಕ್ಕೆಯಾಗಿರಲಿಲ್ಲ.

ಒಂದು ಬೇಸಿಗೆಯಲ್ಲಿ ಬಂದರಿಗೆ ನಿಜವಾದ ಸಿಂಹವೇ ಬಂದಿಳಿಯಿತು.

"ಹೋಗಿ ನೋಡ್ಕೊಂಡು ಬನ್ರೀ," ಎಂದಳು ಹೆಂಡತಿ ಡಿಗ್ನಾ, ಮೀನು ಸೀಳುತ್ತ.

"ನಾನ್ಯಾಕೆ ನೋಡ್ಬೇಕು? ಬೇಕಾದ್ರೆ ಅದೇ ಬಂದು ನನ್ನ ಚಿತ್ರ ನೋಡಿ ಕಲೀಲಿ."

"ಹೆದ್ರಿಕೆ ಇದ್ರೆ ಹೆದ್ರಿಕೆ ಅನ್ನಿ."

ಹೋಗದೆ ವಿಧಿಯಿರಲಿಲ್ಲ. ಬೋನಿನೊಳಗೆ ಸಿಂಹ ಮುಂಗಾಲುಗಳ ಮೇಲೆ ಗದ್ದ ಊರಿ ಮಲಗಿತ್ತು. ಕೇಸರ ಅಲ್ಲಲ್ಲಿ ಉದುರಿತ್ತು. ಕಣ್ಣ ತುದಿಯಲ್ಲಿ ನೊಣ.

"ಇದಕ್ಕೆ ಸಿಂಹದ ಲಕ್ಷಣಾನೇ ಇಲ್ವಲ್ಲಯ್ಯಾ!" ಎಂದು ಲೀವನ್ ಕಾವಲುಗಾರನನ್ನು ಗದರಿದ.

"ಅದಕ್ಕೇ ಹೇಳಿ ಸ್ವಾಮಿ. ನನಗ್ಯಾಕೆ ಹೇಳ್ತೀರಿ?"

ಲೀವನ್ ಬಗ್ಗಿದ. ಸಿಂಹ ಒಂದು ಕಣ್ಣು ತೆರೆದು ಅವನನ್ನು ನೋಡಿತು. ನೋಡುವಂಥದ್ದೇನೂ ಕಾಣದೆ ಮತ್ತೆ ಮುಚ್ಚಿಕೊಂಡಿತು. ಆ ನೋಟ ಎಲ್ಲೋ ನಾಟಿತು. ಸಂಜೆಯವರೆಗೂ ಅಲ್ಲೇ ಕೂತು ಚಿತ್ರ ಬರೆದ. ಆಮೇಲೆ ಊಟ ತಿಂಡಿ ಮರೆತು ಅದನ್ನೇ ತಗಡಿಗಿಳಿಸಿದ.

ಚಿತ್ರಗಳನ್ನು ಅಚ್ಚು ಹಾಕಿ ಮಾರುವ ಗೊಮ್ಮಾರ್ ಮೊದಲ ಪ್ರತಿ ನೋಡಿ ಕೇಳಿದ: "ಯಾರ ಮನೇಲಿ ಸಾವಾಗಿದೆ?"

"ನಿಜವಾದ ಸಿಂಹ ಇದು. ಕಣ್ಣಾರೆ ಕಂಡದ್ದು."

"ಅಲ್ಲೇ ಎಡವಟ್ಟಾಗಿದ್ದು! ನೋಡ್ದೇ ಇದ್ದಾಗ ಎಷ್ಟು ಚೆನ್ನಾಗಿ ಮಾಡ್ತಿದ್ರಿ ಮಾರಾಯ್ರೇ. ಹುಬ್ಬೆಲ್ಲಿ? ಗುಂಗುರೆಲ್ಲಿ?"

"ಒಂದು ಗೆರೇನೂ ಮುಟ್ಟಲ್ಲ."

ಗೊಮ್ಮಾರ್ ಧಾರಾಳಿ. ಗೆರೆ ಮುಟ್ಟಿಸಲಿಲ್ಲ. ಅಡಿಬರಹವನ್ನು ಮಾತ್ರ ಬದಲಿಸಿದ: 'ನಂಬಿಗಸ್ತ ಮುದಿನಾಯಿ'. ಲೀವನ್‌ನ ಯಾವ ಸಿಂಹವೂ ಕಾಣದಷ್ಟು ಮನೆಗಳನ್ನು ಆ ನಾಯಿ ಕಂಡಿತು. ಬಾಲದ ತುದಿಯಲ್ಲಿ ಕುಚ್ಚು ಯಾಕೆಂದು ಒಬ್ಬರೂ ಕೇಳಲಿಲ್ಲ.

ಚಳಿಗಾಲದಲ್ಲಿ ಸಿಂಹ ಬೋನಿನಲ್ಲೇ ಸತ್ತಿತು. ಅದೇ ವಾರ ರೊಟ್ಟಿ ಅಂಗಡಿಯ ವಿಧವೆ ಲೀವನ್‌ನನ್ನು ಬೀದಿಯಲ್ಲಿ ತಡೆದು, "ಗೋಡೆ ಮೇಲೆ ಆ ನಾಯೀನ ನೋಡಿದಾಗೆಲ್ಲ ಅಳು ಬರುತ್ತಪ್ಪಾ. ನಿಮ್ಮ ಮನೇದಾ? ಇದೆಯಾ ಇನ್ನೂ?" ಎಂದಳು.

ಲೀವನ್ ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದಲ್ಲಿದ್ದ ಡಿಗ್ನಾ, "ಇಲ್ಲಮ್ಮ, ಮೊನ್ನೆ ಹೋಯ್ತು," ಎಂದಳು.

ಅವನು ಟೋಪಿ ತೆಗೆದ.